ನಮ್ಮ ಪಾತ್ರಗಳಿಗೆ ವಯಸ್ಸಾಗತೊಡಗಿದ್ದು

ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಕ್ಕೆ ನಮ್ಮ ಐವರ ಗುಂಪಿನಲ್ಲಿ ನಾನೇ ಜಿಎಂ (ಗೇಮ್ ಮಾಸ್ಟರ್), ಅಂದರೆ ಕಥೆ ನಡೆಸುವ ಹೊಣೆ ನನ್ನದು; ಉಳಿದವರು ಒಂದೊಂದು ಪಾತ್ರವನ್ನು ಆಡಿಸುತ್ತಾರೆ. ನಾವು ಬಳಸುವುದು 1978ರ ರೂನ್‌ಕ್ವೆಸ್ಟ್ ಆಟದಿಂದ ಬೆಳೆದುಬಂದ ಶೇಕಡಾವಾರು ಪದ್ಧತಿಯನ್ನು. ಅದರಲ್ಲಿ ಪಾತ್ರದ ಒಟ್ಟು ಮಟ್ಟ ತೋರುವ ಲೆವೆಲ್ ಎಂಬುದಿಲ್ಲ; ಪ್ರತಿ ಕೌಶಲಕ್ಕೂ ಒಂದು ಅಂಕವಿರುತ್ತದೆ, ಆಟದ ನಡುವೆ ಆ ಕೌಶಲ ಫಲಿಸಿದರೆ ಪಾತ್ರದ ವಿವರ ಬರೆದಿಟ್ಟ ಶೀಟಿನಲ್ಲಿ ಅದರ ಪಕ್ಕ ಒಂದು ಟಿಕ್ ಬೀಳುತ್ತದೆ. ಸಾಹಸ ಮುಗಿದ ಮೇಲೆ ಟಿಕ್ ಬಿದ್ದ ಕೌಶಲಕ್ಕೆ ನೂರರ ದಾಳ ಉರುಳಿಸಿ, ಈಗಿರುವ ಅಂಕಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಆರು ಮುಖದ ದಾಳದಷ್ಟು ಏರಿಸುತ್ತೇವೆ. ಈ ಲೆಕ್ಕದಲ್ಲಿ 30 ಅಂಕದವನಿಗೆ ಒಂದು ಟಿಕ್ ಸರಾಸರಿ ಎರಡೂವರೆ ಅಂಕ ತಂದುಕೊಟ್ಟರೆ, 90 ಅಂಕದವನಿಗೆ ಅರ್ಧವೂ ದಕ್ಕುವುದಿಲ್ಲ.

ನಿಯಮ ಸೊಗಸಾಗಿದೆ, ಕೆಡಿಸಿದ್ದು ನಾವು. ಒಂದು ಸಂಜೆ ತೋಳಗಳೊಡನೆ ಕಾದಾಡುತ್ತಿದ್ದಾಗ ಗೆಳೆಯರೊಬ್ಬರು ಕತ್ತಿಯ ಏಟು ತಗುಲಿದ ಕೂಡಲೇ ಕತ್ತಿಯನ್ನು ಕೆಳಗೆ ಹಾಕಿ ಈಟಿ ಹಿಡಿದರು, ಈಟಿ ನಾಟಿದ ಮೇಲೆ ಕೊಡಲಿಗೆ ಕೈಹಾಕಿದರು. ಈ ಟಿಕ್ ಬೇಟೆಯ ಫಲವಾಗಿ, ಕಥೆಯ ಕಾಲದಲ್ಲಿ ಆರು ತಿಂಗಳೂ ಕಳೆಯುವ ಮೊದಲೇ, ಅವರು ಆಡಿಸುತ್ತಿದ್ದ ಹತ್ತೊಂಬತ್ತರ ಹುಡುಗ ನಾಡಿನ ಹಳೆಯ ದಳಪತಿಗಿಂತ ನುರಿತವನಾಗಿಬಿಟ್ಟಿದ್ದ.

ಪರಿಹಾರದ ಎಳೆ ಸಿಕ್ಕಿದ್ದು 1985ರ ಪೆಂಡ್ರಾಗನ್‌ನಲ್ಲಿ. ಆರ್ಥರ್ ರಾಜನ ಕಾಲದ ಆ ಆಟದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಸಾಹಸ. ಆಮೇಲೆ ಬರುವ ಚಳಿಗಾಲದ ಹಂತದಲ್ಲಿ ಕಲಿಕೆ, ಮನೆವಾರ್ತೆ, ಮೂವತ್ತೈದು ದಾಟಿದವರಿಗೆ ಮುಪ್ಪಿನ ದಾಳ. ನಮ್ಮ ಕಥೆ ನಡೆಯುವುದು ನಾವೇ ಕಟ್ಟಿಕೊಂಡ ಘಟ್ಟದ ಸೀಮೆಯಲ್ಲಾದ್ದರಿಂದ ನಾನು ಚಳಿಗಾಲವನ್ನು ಮಳೆಗಾಲವಾಗಿಸಿದೆ. ದಂಡು ಹೊರಡಲು ವಿಜಯದಶಮಿಗೆ ಕಾಯುತ್ತಿದ್ದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ವರ್ಷದಲ್ಲಿ ಎಷ್ಟೇ ಟಿಕ್ ಬಿದ್ದಿರಲಿ, ಮಳೆಗಾಲದಲ್ಲಿ ನಾಲ್ಕನ್ನು ಮಾತ್ರ ಆರಿಸಿ ದಾಳ ಹಾಕಬೇಕು ಎಂದದ್ದೇ ತಡ, ಆಯುಧ ಬದಲಿಸುವ ಚಾಳಿ ತಾನಾಗಿ ನಿಂತಿತು.

ಮುಪ್ಪಿನ ನಿಯಮ ಮಾತ್ರ ಮೊದಲ ಸಲ ಕೈಕೊಟ್ಟಿತು. ಮೂವತ್ತೈದರಿಂದ ಪ್ರತಿ ಮಳೆಗಾಲವೂ ದೇಹದಾರ್ಢ್ಯದ (ಪಾತ್ರದ ಮೈಗಟ್ಟಿತನ ಹೇಳುವ ಅಂಕದ) ಐದರಷ್ಟರಿಂದ, ಮೂವತ್ತೈದರ ಆಚೆಗಿನ ವರ್ಷಗಳನ್ನು ಕಳೆದು, ಉಳಿದ ಸಂಖ್ಯೆಯೊಳಗೆ ದಾಳ ಬೀಳಬೇಕು, ತಪ್ಪಿದರೆ ದೇಹದಾರ್ಢ್ಯ ಒಂದು ಇಳಿಯುತ್ತದೆ ಎಂದು ಬರೆದಿದ್ದೆ. ಇಳಿದ ಅಂಕವೇ ಮುಂದಿನ ವರ್ಷದ ಅವಕಾಶವನ್ನು ಐದೈದರಂತೆ ತಿನ್ನುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮ ಬಿಲ್ಲುಗಾರ್ತಿ ಎಂಟು ಮಳೆಗಾಲಗಳಲ್ಲಿ 13ರಿಂದ 8ಕ್ಕೆ ಕುಸಿದಳು. ನಲವತ್ಮೂರರಲ್ಲಿ ಆಕೆಗೆ ಉಳಿದ ಅವಕಾಶ ಶೇ. 32. ರಬ್ಬರಿನಿಂದ ಉಜ್ಜಿ ಉಜ್ಜಿ ಶೀಟಿನ ಆ ಜಾಗದಲ್ಲಿ ತೂತೇ ಬಿದ್ದಿತ್ತು. ಈಗ ಪಾತ್ರ ಹುಟ್ಟಿದಾಗಿನ ದೇಹದಾರ್ಢ್ಯವನ್ನು ಶೀಟಿನ ತಲೆಯಲ್ಲಿ ಶಾಯಿಯಲ್ಲಿ ಬರೆದು, ಲೆಕ್ಕಕ್ಕೆ ಅದನ್ನೇ ಹಿಡಿಯುತ್ತೇವೆ. ಅದರಂತೆ ಆಕೆಗೆ ಶೇ. 57 ಸಿಗುತ್ತದೆ. ಬಲ, ಚುರುಕು, ದೇಹದಾರ್ಢ್ಯ ಈ ಮೂರರಲ್ಲಿ ಯಾವುದನ್ನು ಇಳಿಸಬೇಕೆಂಬುದು ಆಡುವವರ ಆಯ್ಕೆ, ಆದರೆ ಒಂದನ್ನೇ ಬೆನ್ನುಬೆನ್ನಿಗೆ ಎರಡು ಸಲ ಇಳಿಸುವಂತಿಲ್ಲ.

ಕೌಶಲದ ಅಂಕವನ್ನೂ ವಯಸ್ಸಿನೊಡನೆ ಇಳಿಸಬೇಕೆಂದು ಒಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ಕಣ್ಣಳತೆ ಮರೆಯುವುದಿಲ್ಲ, ತೋಳು ಸೋಲುತ್ತದೆ; ಆಯುಧಕ್ಕೆ ಬೇಕಾದ ಕನಿಷ್ಠ ಬಲದ ನಿಯಮ ಆ ಕೆಲಸವನ್ನು ಹೇಗೂ ಮಾಡುತ್ತದೆ. ಬಳಸದ ಕೌಶಲಕ್ಕೆ ತುಕ್ಕು ಹಿಡಿಯುವ ನಿಯಮವನ್ನೂ ಮಾಡಿದ್ದೆವು, ಲೆಕ್ಕ ಬರೆಯುವ ಬೇಸರಕ್ಕೆ ಎರಡೇ ಸೆಷನ್‌ಗಳಲ್ಲಿ ಕೈಬಿಟ್ಟೆವು.

ಉಳಿದುಕೊಂಡದ್ದು ಕಲಿಸುವ ನಿಯಮ. ನಲವತ್ತು ದಾಟಿದವರು ತಮ್ಮ ನಾಲ್ಕು ಟಿಕ್‌ಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೆ, ಅವರಿಂದ ಕಲಿಯುವ ಪಾತ್ರಕ್ಕೆ ಅದೇ ಕೌಶಲದಲ್ಲಿ ಐದನೆಯ ದಾಳ ಸಿಗುತ್ತದೆ. 88 ಅಂಕದ ಬಿಲ್ಲುಗಾರ್ತಿಗೆ ತನ್ನ ದೊಡ್ಡ ಬಿಲ್ಲನ್ನು ಎಳೆಯಲಾಗದ ವರ್ಷ, ಆಕೆಯನ್ನು ಆಡಿಸುತ್ತಿದ್ದ ಗೆಳತಿ ಟಿಕ್ ಬಿಟ್ಟುಕೊಟ್ಟದ್ದು ತೋಳಗಳ ಕಾಳಗದ ಆ ಹುಡುಗನಿಗೆ. ಬಿಲ್ಲಿನಲ್ಲಿ ಅವನದು ಆಗ 41. ನೂರರ ದಾಳದಲ್ಲಿ 73 ಬಿದ್ದಿತು, ಆರರ ದಾಳದಲ್ಲಿ ಆರು. ಗೆಳತಿ ತನ್ನ ಶೀಟಿನಲ್ಲಿ ಬಿಲ್ಲಿನ ಹೆಸರನ್ನು ಹೊಡೆದುಹಾಕಿ, ಅವನ ಶೀಟನ್ನು ಕೇಳಿ ಪಡೆದು, ತಾನೇ ಅದರಲ್ಲಿ ಬರೆದಳು.