ಓದು ಬಾರದ ಮಕ್ಕಳಿಗೆ ಪರಿಹಾರ ಬೋಧನೆ: ಗುಣಿತ ಮತ್ತು ಒತ್ತಿನಲ್ಲಿ ನಾನು ಅನುಸರಿಸುವ ಕ್ರಮ

ನಾಲ್ಕು, ಐದನೇ ತರಗತಿಗೆ ಬಂದರೂ ಓದಲಾಗದ ಮಕ್ಕಳಲ್ಲಿ ಹೆಚ್ಚಿನವರಿಗೆ ವರ್ಣಮಾಲೆ ಬಾಯಿಪಾಠ ಬರುತ್ತದೆ. ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳುತ್ತಾರೆ. ಬೋರ್ಡಿನ ಮೇಲೆ ‘ಕೂ’ ಒಂದನ್ನೇ ಬರೆದು ಕೇಳಿದರೆ ಮಾತ್ರ, ಮೊದಲಿನಿಂದ ಹೇಳಿಕೊಂಡು ಬಂದೇ ಅಲ್ಲಿಗೆ ತಲುಪಬೇಕು. ಇಂಥ ಮಗುವಿಗೆ ಮತ್ತೆ ಅ, ಆ, ಇ, ಈ ತಿದ್ದಿಸುತ್ತ ಕೂತರೆ ಇನ್ನೊಂದು ವರ್ಷ ವ್ಯರ್ಥ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ಪತ್ತೆ ಹಚ್ಚಬೇಕು.

ಅದಕ್ಕೆ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡರೆ ಐದು ನಿಮಿಷ ಸಾಕು. ಒಂದು ಹಾಳೆಯಲ್ಲಿ ಕ್ರಮ ತಪ್ಪಿಸಿ ಬರೆದ 10 ಮೂಲಾಕ್ಷರ, 10 ಗುಣಿತಾಕ್ಷರ, ಒತ್ತಿಲ್ಲದ 5 ಪದ, ಒತ್ತಿರುವ 5 ಪದ, ಕೊನೆಗೆ ನಾಲ್ಕು ಸಾಲಿನ ಗದ್ಯ. ಹತ್ತರಲ್ಲಿ ಎಂಟನ್ನಾದರೂ, ಐದರಲ್ಲಿ ನಾಲ್ಕನ್ನಾದರೂ ಸರಿಯಾಗಿ ಓದಲು ಆಗದ ಕಡೆ ನಿಲ್ಲಿಸುತ್ತೇನೆ. ಕಲಿಕೆ ಅಲ್ಲಿಂದಲೇ ಶುರು. ಪಠ್ಯಪುಸ್ತಕ ಕೊಟ್ಟು ಪರೀಕ್ಷಿಸಬಾರದು, ಚಿತ್ರ ನೋಡಿ ಪಾಠ ಒಪ್ಪಿಸಿಬಿಡುತ್ತಾರೆ. ‘ಹಾಲು’ ಎಂಬುದನ್ನು ‘ಆಲು’ ಎಂದೋ, ‘ಹೋಗುತ್ತಾನೆ’ಯನ್ನು ‘ಹೋಗ್ತಾನ’ ಎಂದೋ ಓದಿದರೆ ನಾನು ತಪ್ಪೆಂದು ಗುರುತು ಹಾಕುವುದಿಲ್ಲ. ಅದು ಮನೆಮಾತು, ಮಗು ಓದಿದೆ, ಅರ್ಥವೂ ಆಗಿದೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ ಮಗುವಿಗೆ ಮೊದಲು ಕಣ್ಣಿನ ತಪಾಸಣೆ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಇಂಥವರ ಹೆಸರನ್ನು ಮುಂಚಿತವಾಗಿಯೇ ಬರೆದಿಟ್ಟು ಕೊಡುತ್ತೇನೆ.

ಮೂಲಾಕ್ಷರದಲ್ಲೇ ನಿಂತವರಿಗೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ಕ್ರಮವೇ ಒಳ್ಳೆಯದು. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ಗರಗಸ ಎಂದು ಮೊದಲ ದಿನಗಳಲ್ಲೇ ಪದ ಓದಬಹುದು. ಬ-ಭ, ದ-ಧ, ಪ-ಷ ಇಂಥ ಜೋಡಿಗಳನ್ನು ಒಂದೇ ವಾರದಲ್ಲಿ ಕಲಿಸಬಾರದು. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕಾಗುಣಿತವನ್ನು ನಾನು ಅಡ್ಡಸಾಲಿನಲ್ಲಿ ಹೇಳಿಸುವುದಿಲ್ಲ. ಇಳಿ ಕಲಿಸುವಾಗ ಇಳಿ ಮಾತ್ರ: ಕಾ, ಗಾ, ರಾ, ಸಾ, ಮಾ. ಎರಡು ದಿನ ಅದರದೇ ಪದಗಳು. ಆಮೇಲೆ ಗುಡಿಸು (ಕಿ), ಕೊಂಬು (ಕು), ಎತ್ವ (ಕೆ). ಮಗು ಅಕ್ಷರದ ಬದಲು ಚಿಹ್ನೆಯನ್ನು ನೋಡಲು ಕಲಿಯುವುದು ಹೀಗೆ. ‘ವು’ ಮತ್ತು ‘ಮ’ ಬಹಳ ಮಕ್ಕಳನ್ನು ಕಾಡುತ್ತವೆ, ಕೊಂಬು ಕೆಳಗಿಳಿದಿದೆಯೇ ಎಂದು ಬೆರಳಿಟ್ಟು ತೋರಿಸಬೇಕು. ದೀರ್ಘ ಬಿಟ್ಟು ಓದುವವರಿಗೆ ಬಳೆ-ಬಾಳೆ, ಕೊಡು-ಕೋಡು, ಕುಡಿ-ಕೂಡಿ ಎಂಬ ಜೋಡಿ ಚೀಟಿಗಳು. ಎರಡನ್ನೂ ಮುಂದಿಟ್ಟು “ಕೈಗೆ ತೊಡುವುದು ಯಾವುದಪ್ಪಾ?” ಎಂದು ಕೇಳಿದರೆ ಮಗು ಚಿಹ್ನೆಯನ್ನು ನೋಡಲೇಬೇಕಾಗುತ್ತದೆ.

ನಿಜವಾದ ಕಷ್ಟ ಒತ್ತಕ್ಷರದಲ್ಲಿದೆ. ‘ಅಕ್ಕಿ’ಯನ್ನು ಮಕ್ಕಳು ‘ಅಕಿಕ’ ಎಂದು ಓದುತ್ತಾರೆ. ಗುಡಿಸು ಇರುವುದು ಮೇಲಿನ ಅಕ್ಷರದಲ್ಲಿ, ಅದರ ಉಚ್ಚಾರ ಬರುವುದು ಒತ್ತಿನ ನಂತರ. ಹಾಗಾಗಿ ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಮೊದಲು ಚಪ್ಪಾಳೆ ತಟ್ಟಿ ‘ಅಕ್–ಕಿ’ ಎಂದು ಬಾಯಲ್ಲಿ ಹೇಳಿಸುತ್ತೇನೆ. ಆಮೇಲೆ ಬೋರ್ಡಿನ ಮೇಲೆ ಮೂಲ ಅಕ್ಷರವನ್ನು ಬಿಳಿ ಸೀಮೆಸುಣ್ಣದಲ್ಲಿ, ಒತ್ತನ್ನೂ ಗುಡಿಸನ್ನೂ ಕೆಂಪಿನಲ್ಲಿ ಬರೆಯುತ್ತೇನೆ. ಬಿಳಿಯದು ಅರ್ಧ ಅಕ್ಷರ, ಕೆಂಪು ಎರಡನ್ನೂ ಕೂಡಿಸಿ ಓದು. ಮುದ್ದೆ, ಬೆಟ್ಟ, ಹಗ್ಗ ಹೀಗೆ ಅದೇ ಅಕ್ಷರದ ಒತ್ತು ಮೊದಲು. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಇಲ್ಲ, ಅಮ್ಮ, ನನ್ನ, ಹತ್ತು ಎಂದು ಹೆಜ್ಜೆಹೆಜ್ಜೆಗೂ ಸಿಗುವುದೂ ಇವೇ. ಈ ಆರನ್ನು ಹೊಸ ಅಕ್ಷರಗಳೆಂದೇ ಕಲಿಸಬೇಕು. ಅರ್ಧ ‘ರ’ವನ್ನು ಸೂಚಿಸುವ ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಬರೆಯುವುದು ಅಕ್ಷರದ ನಂತರ, ಓದುವುದು ಅದಕ್ಕಿಂತ ಮೊದಲು ಆದ್ದರಿಂದ ‘ಸೂರ್ಯ’ ‘ಸೂಯರ’ ಆಗುತ್ತದೆ.

ಒತ್ತು ಬಂದ ಮೇಲೂ ‘ತೋಟದಲ್ಲಿ’, ‘ಶಾಲೆಯಿಂದ’ ಎಂಬಲ್ಲಿ ತಡವರಿಸುತ್ತಾರೆ. ಪದದ ತುದಿ ಮುಟ್ಟುವಷ್ಟರಲ್ಲಿ ಮೊದಲಕ್ಷರ ಮರೆತಿರುತ್ತದೆ. ದಲ್ಲಿ, ಯಲ್ಲಿ, ಯಿಂದ, ವನ್ನು, ನಿಗೆ ಎಂಬ ಪಟ್ಟಿಗಳನ್ನು ಡ್ರಾಯಿಂಗ್ ಶೀಟಿನಲ್ಲಿ ಕತ್ತರಿಸಿಟ್ಟುಕೊಂಡು ಪದದ ಪಕ್ಕ ಜೋಡಿಸಿ ಓದಿಸಿದರೆ ಬಾಲವನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ದಿನಕ್ಕೆ 45 ನಿಮಿಷ, ಗುಂಪಿನಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಬೇಡ. ಹತ್ತು ನಿಮಿಷ ಚೀಟಿ, ಹದಿನೈದು ನಿಮಿಷ ಸ್ಲೇಟಿನಲ್ಲಿ ಉಕ್ತಲೇಖನ, ಹದಿನೈದು ನಿಮಿಷ ಒಬ್ಬೊಬ್ಬರ ಓದು, ಉಳಿದ ಐದು ನಿಮಿಷ ನಾನೇ ಕತೆ ಓದಿ ಹೇಳುವುದು. ಒಟ್ಟಾಗಿ ಕೂಗಿ ಓದಿಸುವುದನ್ನು ಪೂರ್ತಿ ಬಿಟ್ಟಿದ್ದೇನೆ: ಓದು ಬಾರದ ಮಗು ಪಕ್ಕದವರ ದನಿಯನ್ನು ಅರೆಕ್ಷಣ ತಡವಾಗಿ ಹಿಂಬಾಲಿಸುತ್ತದೆ, ಶಿಕ್ಷಕರಿಗೆ ಗೊತ್ತೇ ಆಗುವುದಿಲ್ಲ. ಶನಿವಾರ ಅದೇ ಹಾಳೆಯ ಮಾದರಿಯಲ್ಲಿ, ಬೇರೆ ಪದಗಳಿಟ್ಟು ಮತ್ತೆ ಪರೀಕ್ಷೆ. ಪಾಸಾದವರು ಆ ದಿನವೇ ಮುಂದಿನ ಗುಂಪಿಗೆ.