ಎರಡನೇ ಮಂಡಿ, ಆಷಾಢದಲ್ಲಿ

ನನ್ನ ಎಡಮಂಡಿ ಈಗ ನೂರಹದಿನೈದು ಡಿಗ್ರಿ ಬಗ್ಗುತ್ತದೆ. ಮಗನ ಕಂಪಾಸು ಪೆಟ್ಟಿಗೆಯ ಕೋನಮಾಪಕ ಇಟ್ಟು ನಾನೇ ಅಳೆದದ್ದು, ಐದು ಡಿಗ್ರಿ ಆಚೀಚೆ ಇರಬಹುದು. ಬಲಮಂಡಿ ಎಂಬತ್ತೈದಕ್ಕೆ ನಿಂತುಬಿಟ್ಟಿದೆ, ಇನ್ನು ಅದು ಜಗ್ಗುವುದಿಲ್ಲ. ಎರಡೂ ಒಂದೇ ಮೈಯವು, ಎರಡಕ್ಕೂ ಆಪರೇಷನ್ ಮಾಡಿಸಿ ಕೃತಕ ಮಂಡಿ ಹಾಕಿಸಿಕೊಂಡಿದ್ದೇನೆ, ಎರಡರೊಳಗೂ ಕೂರಿಸಿರುವುದು ಒಂದೇ ಬಗೆಯ ಲೋಹ. ವ್ಯತ್ಯಾಸವಾದದ್ದು ಆಪರೇಷನ್ನಿನ ಹಿಂದಿನ ಮೂರು ವಾರ, ಮುಂದಿನ ಮೂರು ವಾರ ನಾನು ಏನು ನುಂಗಿದೆ, ಏನು ಬಿಟ್ಟೆ, ಯಾವುದನ್ನು ಹಿಡಿದು ನಡೆದೆ ಎಂಬುದರಲ್ಲಿ. "ಒಂದಕ್ಕೇ ಇಷ್ಟು ಪಾಡು ಪಟ್ಟವಳು ಇನ್ನೊಂದನ್ನೂ ಕೊಯ್ಯಿಸಿಕೊಳ್ಳುತ್ತಾಳಂತೆ" ಎಂದು ನಕ್ಕವರೇ ಈಗ ತಮ್ಮ ಎಕ್ಸ್‌ರೇ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿ ಸಾಕಾಗಿದೆ.

ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಸಂಧಿವಾತ, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಆರ್ಥ್ರೈಟಿಸ್, ಅಂಟಿಕೊಂಡು ಹತ್ತೊಂಬತ್ತು ವರ್ಷ. ಬೆಳಗ್ಗೆ ಬೆರಳು ಮಡಿಸಲಾಗದೆ ಹಲ್ಲುಜ್ಜುವ ಬ್ರಷ್ಷಿಗೆ ಬಟ್ಟೆ ಸುತ್ತಿಕೊಂಡವರಿಗೆ ಈ ಕಾಯಿಲೆ ಏನೆಂದು ವಿವರಿಸಬೇಕಾಗಿಲ್ಲ. ನೇರವಾಗಿ ಮಂಡಿಗೆ ಬರುತ್ತೇನೆ.

ಮೊದಲನೆಯದು 2016ರಲ್ಲಿ, ನವೆಂಬರ್ ಮೊದಲ ವಾರ. ಆಸ್ಪತ್ರೆಯ ಹೆಸರು ಬೇಡ. ವಾತವನ್ನು ಹತೋಟಿಯಲ್ಲಿಡಲು ಭಾನುವಾರಕ್ಕೊಮ್ಮೆ ನುಂಗುತ್ತಿದ್ದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಮೂರು ವಾರ ಮೊದಲೇ ನಿಲ್ಲಿಸಿ, ಹೊಲಿಗೆ ಬಿಚ್ಚಿ ಎರಡು ವಾರ ಕಳೆಯುವವರೆಗೆ ಮುಟ್ಟಬೇಡಿ ಎಂದರು. ಗಾಯ ಮಾಯುವುದಿಲ್ಲ, ಕೀವಾಗುತ್ತದೆ ಎಂಬ ಭಯ ಅವರಿಗೆ. ನನಗೂ ಆ ಭಯ ಇತ್ತು, ನಿಲ್ಲಿಸಿದೆ. ಗಾಯವೇನೋ ಚೆನ್ನಾಗಿಯೇ ಮಾಯಿತು. ಆದರೆ ಆಪರೇಷನ್ನಾಗಿ ಹತ್ತನೆಯ ದಿನ ಎರಡೂ ಮಣಿಕಟ್ಟು ಊದಿದವು, ಹನ್ನೆರಡನೆಯ ದಿನಕ್ಕೆ ಭುಜವೂ ಹಿಡಿದುಕೊಂಡಿತು. ವಾಕರ್ ಹಿಡಿದು ಏಳಬೇಕಾದರೆ ಮೈಯ ಭಾರವೆಲ್ಲ ಅಂಗೈಯ ಮೇಲೆ ಬೀಳುತ್ತದಲ್ಲ, ಆ ಅಂಗೈಗೆ ನೀರಿನ ಲೋಟ ಎತ್ತುವ ಶಕ್ತಿಯೂ ಇರಲಿಲ್ಲ. ನಡೆಯಲಾಗಲಿಲ್ಲ. ನಡೆಯದ ಮಂಡಿ ಎಪ್ಪತ್ತು ಡಿಗ್ರಿಗೆ ಬಿಗಿದುಕೊಂಡಿತು. ಎರಡು ತಿಂಗಳಾದ ಮೇಲೆ ಮತ್ತೆ ಮಂಪರು ಕೊಟ್ಟು ಜಗ್ಗಿ ಬಗ್ಗಿಸಿದರು. ಸಿಕ್ಕಿದ್ದು ಹದಿನೈದು ಡಿಗ್ರಿ, ತೆತ್ತದ್ದು ಇನ್ನೊಂದು ಮೂವತ್ತು ಸಾವಿರ.

ಹಣದ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಆ ಸಲ ಒಟ್ಟು ಎರಡು ಲಕ್ಷದ ಅರವತ್ತು ಸಾವಿರದಷ್ಟಾಯಿತು, ಅದರಲ್ಲಿ ಕೃತಕ ಮಂಡಿಗೇ ಒಂದೂಕಾಲು ಲಕ್ಷಕ್ಕಿಂತ ಮೇಲೆ. ನಾನು ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ ಐನೂರು, ಸಾವಿರದ ನೋಟು ರದ್ದಾದವು. ಹೊಲಿಗೆಯಲ್ಲಿ ಕೂಡಿಟ್ಟ ಐವತ್ತು ಸಾವಿರದಷ್ಟು ಹಣ ಐನೂರರ ನೋಟಿನಲ್ಲಿ ಅಕ್ಕಿ ಡಬ್ಬಿಯಲ್ಲಿತ್ತು. ಹಳೆಯ ನೋಟು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು, ಖಾಸಗಿಯವರು ಮುಟ್ಟಲಿಲ್ಲ. ನಮ್ಮ ಯಜಮಾನರು ಮೂರು ದಿನ ಬ್ಯಾಂಕಿನ ಸಾಲಿನಲ್ಲಿ ನಿಂತರು, ನಾನು ಮೂರು ದಿನದ ವಾರ್ಡ್ ಬಾಡಿಗೆ ಹೆಚ್ಚಿಗೆ ಕೊಟ್ಟೆ. ಮರುವರ್ಷ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತು ಮಾಡಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಮೇಲೆ ತೆರಿಗೆ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಹತ್ತು ತಿಂಗಳು ತಡೆದಿದ್ದರೆ ಒಂದು ಪವರ್ ಮಷಿನ್ನಿನ ಹಣ ಉಳಿಯುತ್ತಿತ್ತು.

ಎಡಮಂಡಿಯನ್ನು ಆರು ವರ್ಷ ತಳ್ಳಿದೆ. ಆ ನಡುವೆ ಏನೇನು ಮಾಡಿಲ್ಲ! ಹರಳೆಲೆ ಕಟ್ಟಿದೆ, ಬಿಸಿ ಮರಳಿನ ಶಾಖ ಕೊಟ್ಟೆ, ಹಿತವಾಗಿತ್ತು, ಅಷ್ಟೇ. ನಾದಿನಿ ಯಾರಿಂದಲೋ ಒಂದು ಕಂದು ಪುಡಿ ತರಿಸಿಕೊಟ್ಟಳು. ಪೊಟ್ಟಣದ ಮೇಲೆ ಹೆಸರಿಲ್ಲ, ತಿಂಗಳಿಗೆ ಎಂಟುನೂರು. ನಾಲ್ಕೇ ದಿನಕ್ಕೆ ನೋವು ಮಾಯ, ಒಂದು ತಿಂಗಳು ರಾಣಿಯ ಹಾಗೆ ಓಡಾಡಿದೆ. ಮೂರನೆಯ ತಿಂಗಳಿಗೆ ಮುಖ ಬೋಂಡದ ಹಾಗೆ ದುಂಡಗಾಗಿ, ಎಂದೂ ಇರದ ಸಕ್ಕರೆ ಇನ್ನೂರು ದಾಟಿತು. ಬೆಂಗಳೂರಿನ ವಾತತಜ್ಞೆ ನನ್ನ ಮುಖ ನೋಡಿಯೇ "ಪುಡಿ ಎಷ್ಟು ದಿನದಿಂದ?" ಎಂದರು. ಅದರಲ್ಲಿದ್ದದ್ದು ಸ್ಟೀರಾಯ್ಡ್ ಎಂಬುದು ಅವರ ಗುಮಾನಿ. ಒಮ್ಮೆಲೇ ಬಿಡುವ ಹಾಗೂ ಇಲ್ಲ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೇ ಕೊಟ್ಟು ತಿಂಗಳುಗಟ್ಟಲೆ ಇಳಿಸುತ್ತ ಬಂದರು. ಐದು ಮಿಲಿಗ್ರಾಂಗಿಂತ ಕೆಳಗೆ ಇಂದಿಗೂ ಇಳಿದಿಲ್ಲ.

ಅದಾದ ಮೇಲೆ ವಾತಕ್ಕೆಂದೇ ಕೊಡುವ ಅಡಾಲಿಮ್ಯುಮಾಬ್ ಚುಚ್ಚುಮದ್ದು ಶುರುವಾಯಿತು, ಹದಿನೈದು ದಿನಕ್ಕೊಂದು. ಶುರುವಾದಾಗ ಒಂದಕ್ಕೆ ಹತ್ತು ಸಾವಿರದ ಆಸುಪಾಸು ಇತ್ತು, ಆಮೇಲೆ ಇಳಿಯಿತು. ಕೈಬೆರಳು ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದವು. ಎಡಮಂಡಿ ಮಾತ್ರ ಕೈಬಿಟ್ಟುಹೋಗಿತ್ತು. ಎಕ್ಸ್‌ರೇಯಲ್ಲಿ ಎಲುಬಿಗೆ ಎಲುಬು ತಾಗಿ ಕೂತಿತ್ತು. ಸವೆದ ಕೀಲನ್ನು ಯಾವ ಔಷಧಿಯೂ ತುಂಬಿಕೊಡುವುದಿಲ್ಲ.

ವಾತತಜ್ಞೆ ಹೇಳಿದ್ದು ನನ್ನ ಮೊದಲ ಅನುಭವಕ್ಕೆ ತಿರುವುಮುರುವು. ಮೆಥೊಟ್ರೆಕ್ಸೇಟ್ ನಿಲ್ಲಿಸುವುದೇ ಬೇಡ, ಆಪರೇಷನ್ ವಾರದಲ್ಲಿಯೂ ನುಂಗಿ. ಸ್ಟೀರಾಯ್ಡ್ ದಿನದ ಐದು ಮಿಲಿಗ್ರಾಂ ಅಂದು ಬೆಳಗ್ಗೆಯೂ ಇರಲಿ. ಚುಚ್ಚುಮದ್ದು ಮಾತ್ರ ಒಂದು ಸರದಿ ಬಿಟ್ಟು, ಕೊನೆಯ ಚುಚ್ಚುಮದ್ದು ಆದ ಮೇಲಿನ ಮೂರನೆಯ ವಾರದಲ್ಲಿ ಆಪರೇಷನ್ ಇಟ್ಟುಕೊಳ್ಳಿ, ಗಾಯ ಒಣಗಿ ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಶುರುಮಾಡಿ. ಅಮೆರಿಕದ ವಾತತಜ್ಞರೂ ಮಂಡಿ, ಸೊಂಟದ ಸರ್ಜನ್ನರೂ ಕೂತು 2017ರಲ್ಲಿ ಮಾಡಿದ ಸೂಚನೆ, 2022ರಲ್ಲಿ ಇನ್ನೊಮ್ಮೆ ತಿದ್ದಿದ್ದಾರೆ ಎಂದು ಕಂಪ್ಯೂಟರಿನಲ್ಲಿ ತೋರಿಸಿದರು. ಇದೇ ವಾತಕ್ಕೆ ಬೇರೆ ಔಷಧಿಗಳೂ ಇವೆ, ಟೊಫಾಸಿಟಿನಿಬ್ ಮಾತ್ರೆ ನುಂಗುವವರಿಗೆ ಮೂರು ದಿನ ಮೊದಲು ನಿಲ್ಲಿಸಿದರೆ ಸಾಕಂತೆ, ರಿಟುಕ್ಸಿಮಾಬ್ ಹಾಕಿಸಿಕೊಳ್ಳುವವರದು ತಿಂಗಳ ಲೆಕ್ಕ. ಆದ್ದರಿಂದ ನನ್ನ ಪಟ್ಟಿಯನ್ನು ನಕಲು ಮಾಡಿಕೊಳ್ಳಬೇಡಿ, ನಿಮ್ಮದನ್ನು ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ. ಬರೆಸಿಕೊಳ್ಳುವುದು ಮುಖ್ಯ. ಬಾಯಿಮಾತು ಬೆಂಗಳೂರಿನಿಂದ ದಾವಣಗೆರೆಯವರೆಗೆ ಸಾಗುವುದಿಲ್ಲ. ಅವರ ಚೀಟಿಯನ್ನು ದಾವಣಗೆರೆಯ ಸರ್ಜನ್ನರ ಮೇಜಿನ ಮೇಲಿಟ್ಟು, ಅಲ್ಲಿಯೇ ಕೂತು ಇಬ್ಬರನ್ನೂ ಫೋನಿನಲ್ಲಿ ಮಾತನಾಡಿಸಿದೆ. "ಟೈಲರಮ್ಮ ನನಗೇ ಅಳತೆ ತೆಗೆಯುತ್ತಿದ್ದಾರೆ" ಎಂದು ಸರ್ಜನ್ನರು ನಕ್ಕರು, ಆದರೆ ಒಪ್ಪಿದರು.

ದಿನ ಗೊತ್ತು ಮಾಡಿದ್ದು ನಾನೇ, ಆಷಾಢದಲ್ಲಿ. ಮನೆಯಲ್ಲಿ ದೊಡ್ಡ ಗಲಾಟೆ. ಅತ್ತೆಯವರು ಎರಡು ದಿನ ಮಾತು ಬಿಟ್ಟರು. ನನ್ನ ಲೆಕ್ಕ ಬೇರೆ. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದೆ ಬ್ಲೌಸಿಲ್ಲ. 2023ರಲ್ಲಂತೂ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು, ಸತತ ಎರಡು ತಿಂಗಳು ಅಂಗಡಿಗೆ ನೊಣವೂ ಬರುವುದಿಲ್ಲ. ಗೌರಿ ಹಬ್ಬದ ಹೊಲಿಗೆಗೆ ಎದ್ದು ಕೂರಬಹುದು. ಜೂನ್ 7ಕ್ಕೆ ಕೊನೆಯ ಚುಚ್ಚುಮದ್ದು, 21ರದ್ದು ಬಿಟ್ಟೆ, 27ಕ್ಕೆ ಆಪರೇಷನ್.

ಅದಕ್ಕೆ ಮೊದಲು ಮೂರು ತಿಂಗಳು, ಮೈಯಲ್ಲಿ ಎಲ್ಲಿಂದಲೂ ಸೋಂಕು ಹೊಸ ಮಂಡಿಗೆ ಹರಡಬಾರದೆಂದು, ಸಣ್ಣಪುಟ್ಟ ರಿಪೇರಿ ಕೆಲಸ. ಹುಳುಕು ದವಡೆ ಹಲ್ಲು ಕೀಳಿಸಿದೆ, ಹಿಮ್ಮಡಿಯ ಬಿರುಕು ಮುಚ್ಚಿಸಿದೆ, ಮೂತ್ರದಲ್ಲಿ ಸೋಂಕು ಸಿಕ್ಕಿ ಅದಕ್ಕೊಂದು ಕೋರ್ಸ್ ಆಯಿತು. ಹಿಮೋಗ್ಲೋಬಿನ್ ಒಂಬತ್ತೂವರೆ ಇತ್ತು, ಹನ್ನೊಂದಕ್ಕೆ ಏರಿಸಿಕೊಂಡೆ. ಮಂಪರು ಡಾಕ್ಟರ್ ಕುತ್ತಿಗೆ ಬಗ್ಗಿಸಿ ಒಂದು, ಚಾಚಿ ಒಂದು ಎಕ್ಸ್‌ರೇ ಕೇಳಿದರು. ಮಂಡಿಗೆ ಕುತ್ತಿಗೆಯೇಕೆ ಎಂದು ಯಜಮಾನರಿಗೆ ಸಿಟ್ಟು. ನಮ್ಮ ವಾತ ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವಿನ ಕಟ್ಟನ್ನೂ ಸಡಿಲಿಸುತ್ತದೆ. ಪೂರ್ತಿ ಮಂಪರು ಕೊಟ್ಟು ಗಂಟಲಿಗೆ ಕೊಳವೆ ಇಳಿಸಲು ತಲೆ ಹಿಂದಕ್ಕೆ ಬಾಗಿಸಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ನನ್ನದು ನಾಲ್ಕು ಮಿಲಿಮೀಟರ್ ಜಾರಿತ್ತು. ಬ್ಲೌಸಿನಲ್ಲಾದರೆ ಯಾರ ಕಣ್ಣಿಗೂ ಬೀಳದ ವ್ಯತ್ಯಾಸ, ಕುತ್ತಿಗೆಯಲ್ಲಿ ಮೂರು ದಾಟಿದರೇ ಲೆಕ್ಕಕ್ಕೆ ಬರುತ್ತದೆ. ಸೊಂಟಕ್ಕೆ ಚುಚ್ಚಿ ಕೆಳಭಾಗ ಮಾತ್ರ ಮರಗಟ್ಟಿಸಿದರು. 2016ರಲ್ಲಿ ಈ ಎಕ್ಸ್‌ರೇಯನ್ನು ಯಾರೂ ಕೇಳಿರಲಿಲ್ಲ.

ಇನ್ನು ವಾಕರ್. ನಾನು ಸ್ವಲ್ಪ ಜಂಬ ಪಡುವುದು ಇದೊಂದರ ಬಗ್ಗೆಯೇ. ಅಂಗೈಯ ಬದಲು ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ದೋಣಿಯಂಥದರಲ್ಲಿ ಇಟ್ಟು ಭಾರ ಹಾಕುವ ವಾಕರ್ ಇದೆ. ಬೆಂಗಳೂರಿನಲ್ಲಿ ಹನ್ನೆರಡು ಸಾವಿರ ಹೇಳಿದರು. ನಾನು ಸಾಮಾನ್ಯ ಅಲ್ಯೂಮಿನಿಯಂ ವಾಕರನ್ನು ಸಾವಿರದ ನಾಲ್ಕುನೂರಕ್ಕೆ ಕೊಂಡೆ. ನಾಲ್ಕಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ, ಹತ್ತಿಂಚಿನ ಎರಡು ತುಂಡುಗಳನ್ನು ವೆಲ್ಡಿಂಗ್ ಅಂಗಡಿಯವನಿಂದ ಹಿಡಿಕೆಯ ಮೇಲೆ ಕ್ಲಾಂಪ್ ಹಾಕಿಸಿ ಕೂರಿಸಿದೆ. ಮೊದಲ ಸಲ ಕ್ಲಾಂಪ್ ಬಿಗಿದ ಕೂಡಲೇ ಅಲ್ಯೂಮಿನಿಯಂ ಕೊಳವೆ ಚಪ್ಪಟೆಯಾಯಿತು. ಒಳಗೆ ಸೌದೆಗೂಟ ತೂರಿಸಿದ ಮೇಲೆ ನಿಂತಿತು. ಎರಡನೆಯ ಸಲ ಎತ್ತರ ಕಡಿಮೆಯಾಗಿ ನಾನು ಗೂನಿಯ ಹಾಗೆ ಬಾಗಿ ನಡೆದೆ, ಬೆನ್ನು ಹಿಡಿಯಿತು. ಮೊಣಕೈ ಮಡಿಸಿ ನೆಟ್ಟಗೆ ನಿಂತು ಮಗನಿಂದ ಅಳತೆ ತೆಗೆಸಿ ಮತ್ತೆ ನಾಲ್ಕಿಂಚು ಏರಿಸಿದೆವು. ಒಳಗೆ ಸ್ಪಂಜು, ಮೇಲೆ ಹತ್ತಿ ಅಸ್ತರು, ಕೈ ಜಾರದಂತೆ ವೆಲ್ಕ್ರೋ ಪಟ್ಟಿ. ಬೆರಳು ಬಳಸದೆ ಮೊಣಕೈಯಿಂದಲೇ ಬಿಚ್ಚಿಕೊಳ್ಳುವಂತೆ ಆ ಪಟ್ಟಿಯನ್ನು ಹೊಲಿದಿದ್ದೇನೆ. ಹೇಗೆಂದು ಬರೆಯುವುದಿಲ್ಲ, ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ. ಒಟ್ಟು ಎರಡು ಸಾವಿರದ ಇನ್ನೂರು ಬಿತ್ತು. ಫಿಸಿಯೋಥೆರಪಿಯ ಹುಡುಗ ನೋಡಿ "ಆಂಟಿ, ಇದು ಕಿತ್ತುಕೊಂಡು ಬೀಳುತ್ತದೆ" ಎಂದ. ಆ ಎಂಬತ್ತು ಕಿಲೋ ಹುಡುಗನನ್ನೇ ಅದರ ಮೇಲೆ ಜೋತುಬೀಳಲು ಹೇಳಿದೆ. ಬೀಳಲಿಲ್ಲ.

ಆಸ್ಪತ್ರೆಯಲ್ಲಿ ಒಂದು ಕಂಟಕ ಕೂದಲೆಳೆಯಲ್ಲಿ ತಪ್ಪಿತು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ದಿನವೂ ನುಂಗಿದರೆ ರಕ್ತಕಣ ಇಳಿದು, ಬಾಯೆಲ್ಲ ಹುಣ್ಣಾಗಿ ಜೀವಕ್ಕೇ ಬರುತ್ತದೆ. ಬುಧವಾರ ಬೆಳಗ್ಗೆ ನರ್ಸ್ ತಂದ ತಟ್ಟೆಯಲ್ಲಿ ಆ ಪುಟ್ಟ ಹಳದಿ ಮಾತ್ರೆಗಳು ಆರು ಇದ್ದವು. ನನಗೆ ನೋವಿನ ಮದ್ದಿನ ಮಬ್ಬು. ಆದರೆ ನಾನು ಮೊದಲೇ ಒಂದು ಬಿಳಿ ಪಟ್ಟಿಗೆ ಕೆಂಪು ದಾರದಲ್ಲಿ "ಮೆಥೊಟ್ರೆಕ್ಸೇಟ್ ಭಾನುವಾರ ಮಾತ್ರ" ಎಂದು ಕಸೂತಿ ಹಾಕಿ, ಆಸ್ಪತ್ರೆಯ ಗೌನಿನ ಎದೆಗೆ ಹೊಲಿದುಕೊಂಡಿದ್ದೆ. ಆ ಮಗು ಓದಿ, ಕೈ ಹಿಂದಕ್ಕೆ ತೆಗೆದುಕೊಂಡು, ಓಡಿಹೋಗಿ ಚಾರ್ಟ್ ತಿದ್ದಿಸಿಕೊಂಡು ಬಂದಳು. ಹಿಂದಿನ ರಾತ್ರಿ ಆ ಪಟ್ಟಿ ನೋಡಿ ವಾರ್ಡಿನವರೆಲ್ಲ ನಕ್ಕಿದ್ದರು.

ಮನೆಗೆ ಬಂದ ಮೇಲೆ ಆರ್ಡರ್ ಪುಸ್ತಕದಲ್ಲಿ ನನ್ನ ಹೆಸರಿಗೂ ಒಂದು ಪುಟ ತೆರೆದೆ. ಬೆಳಗ್ಗೆ, ಸಂಜೆ ಟೇಪು ಹಿಡಿದು ಮಂಡಿಯ ಸುತ್ತಳತೆ, ಮೀನಖಂಡದ ಸುತ್ತಳತೆ, ಬಗ್ಗಿದ ಕೋನ. ಮೊದಲ ದಿನ ಮಂಡಿ ಹದಿನೆಂಟೂವರೆ ಇಂಚು, ಹತ್ತನೆಯ ದಿನ ಹದಿನೇಳು. ಒಂಬತ್ತನೆಯ ದಿನ ಎಡ ಮೀನಖಂಡ ಬಲಕ್ಕಿಂತ ಒಂದೂವರೆ ಇಂಚು ಹೆಚ್ಚು ತೋರಿಸಿತು. ರಕ್ತ ಹೆಪ್ಪುಗಟ್ಟಿರಬಹುದೆಂದು ಆಟೋ ಮಾಡಿಕೊಂಡು ಓಡಿದೆವು. ಡಾಪ್ಲರ್ ಸ್ಕ್ಯಾನಿಗೆ ಎರಡೂವರೆ ಸಾವಿರ, ಏನೂ ಇರಲಿಲ್ಲ, ಬರೀ ಬಾವು. ಆ ಹಣಕ್ಕೆ ನನಗೆ ಬೇಸರವಿಲ್ಲ, ಅಳತೆ ಸರಿಯಾಗಿಯೇ ಇತ್ತು.

ಮಣಿಕಟ್ಟು ಈ ಸಲ ಊದಲಿಲ್ಲ. ಹನ್ನೆರಡನೆಯ ದಿನ ಬಲಗೈಯ ಎರಡು ಬೆರಳು ತುಸು ಬಿಗಿದವು, ಬಿಸಿನೀರಿನಲ್ಲಿ ಅದ್ದಿದೆ, ಹೋಯಿತು. ಹದಿನಾಲ್ಕನೆಯ ದಿನ ಹೊಲಿಗೆಯ ಬದಲು ಹಾಕಿದ್ದ ಪಿನ್ನು ತೆಗೆದರು, ಗಾಯ ಒಣಗಿತ್ತು, ಜುಲೈ ಮಧ್ಯದಲ್ಲಿ ಚುಚ್ಚುಮದ್ದು ಮತ್ತೆ ಶುರು. ಮೂರನೆಯ ವಾರಕ್ಕೆ ತೊಂಬತ್ತು ಡಿಗ್ರಿ ಮುಟ್ಟಿದಾಗ ಅತ್ತೆಯವರನ್ನು ಕರೆದು ತೋರಿಸಿದೆ. "ಆಷಾಢದ ಮಂಡಿ ಚೆನ್ನಾಗಿದೆ ಬಿಡು" ಎಂದರು.

ಈ ಸಲದ ಖರ್ಚು ಒಂದು ಲಕ್ಷದ ತೊಂಬತ್ತೈದು ಸಾವಿರದಷ್ಟು, ಅದರಲ್ಲಿ ಕೃತಕ ಮಂಡಿಗೆ ಅರವತ್ತು ಸಾವಿರದ ಆಸುಪಾಸು. ವಿಮೆಯವರು ಮೊದಲೇ ಇದ್ದ ಕಾಯಿಲೆಯೆಂದು ನಾಲ್ಕು ವರ್ಷ ಕಾಯಿಸಿದ್ದರು, ಆ ಗಡುವು ಮುಗಿದಿತ್ತು. ಒಂದು ಲಕ್ಷದ ಮೂವತ್ತು ಸಾವಿರ ಕೊಟ್ಟರು. ಕೈಗವಸು, ಹತ್ತಿ, ಇನ್ನೇನೇನೋ ಸೇರಿಸಿ ಉಳಿದದ್ದನ್ನು ಕತ್ತರಿಸಿದರು.

ನೆಲದ ಮೇಲೆ ಕೂರುವುದು ಹೋಯಿತು, ಈಳಿಗೆಮಣೆ ಅಟ್ಟ ಸೇರಿತು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇವೆ. ಮಷಿನ್ನಿಗೆ ಮೋಟಾರು ಹಾಕಿಸಿ ಪೆಡಲನ್ನು ಎಡಗಾಲಿಗೆ ಬದಲಾಯಿಸಿಕೊಂಡೆ, ಬಗ್ಗುವ ಕಾಲು ಅದೇ ತಾನೆ. ಮೊದಮೊದಲು ವೇಗ ಹಿಡಿತಕ್ಕೆ ಸಿಗದೆ ಎರಡು ರೇಷ್ಮೆ ಬ್ಲೌಸಿನ ತೋಳು ಹಾಳಾಗಿ ಬಟ್ಟೆಯ ಹಣ ಕೈಯಿಂದ ಕೊಟ್ಟೆ. ಆ ಸೆಪ್ಟೆಂಬರಿನ ಗೌರಿ ಹಬ್ಬಕ್ಕೆ ನಲವತ್ತೊಂದು ಬ್ಲೌಸ್ ಹೊಲಿದೆ.

ವಾಕರ್ ಈಗ ನಾಲ್ಕು ಮನೆ ಸುತ್ತಿದೆ. ಕೊನೆಗೆ ಹರಿಹರದ ಒಬ್ಬರ ಬಳಿಯಿಂದ ಕಳೆದ ವಾರ ವಾಪಸು ಬಂತು, ಎಡಗಡೆಯ ದೋಣಿಯ ಸ್ಪಂಜು ಹರಿದಿದೆ, ಸೌದೆಗೂಟ ಮಾತ್ರ ಗಟ್ಟಿಯಾಗಿದೆ. ಹೊಸ ಅಸ್ತರು ಹಾಕುತ್ತಿದ್ದೇನೆ. ಹರಪನಹಳ್ಳಿಯಿಂದ ಇನ್ನೊಬ್ಬರು ಕೇಳಿದ್ದಾರೆ, ಅವರಿಗೆ ಎತ್ತರ ಎರಡಿಂಚು ಇಳಿಸಬೇಕು.