ಆರೂವರೆ ಸಾಲು ಅಡಿಕೆ

ಒಂದು ಮಳೆಗಾಲ ಪೂರ್ತಿ ತಿಂದ ಡ್ರೈವರ್ (ಕ್ಯಾಮೆರಾದ ಚಿತ್ರವನ್ನು ಮೆಮೊರಿಗೆ ತರುವ ಲಿನಕ್ಸ್ ಪ್ರೋಗ್ರಾಮ್) ಕೊನೆಗೂ ಹಾದಿಗೆ ಬಂತು. ಶಿರಸಿಯ ನಮ್ಮ ಮನೆ ಅಟ್ಟದ ಮೇಲೆ ಚಾಲಿ (ಒಣಗಿಸಿ ಸುಲಿದ) ಅಡಿಕೆ ವಿಂಗಡಿಸುವ ಪುಟ್ಟ ಯಂತ್ರವೊಂದಿದೆ. ಝಿಂಕ್ 7000 ಚಿಪ್ಪಿನ ಕಂಪ್ಯೂಟರ್ ಬೋರ್ಡ್, ಒಂದು ಕ್ಯಾಮೆರಾ, ಕೋಕಾ (ಕೆಟ್ಟ ಅಡಿಕೆ) ಕಂಡರೆ ಊದಿ ಹಾರಿಸುವ ಗಾಳಿ ವಾಲ್ವ್. ಬೋರ್ಡ್ ಸೆಕೆಂಡ್ ಹ್ಯಾಂಡ್, 16 ಸಾವಿರದ ಹತ್ತಿರ. ವಾಲ್ವ್, ಕಂಪ್ರೆಸರ್ ಅಂತ ಇನ್ನೊಂದು 20.

"ಆಳು ಕೂತ್ರೆ ಅರ್ಧ ದಿನದ ಕೆಲಸ ಅದು" ಅಂದ ಭಾವ. ಬೆಂಗಳೂರಿನ ಗೆಳೆಯ "ರೆಡಿ ಡ್ರೈವರ್ ಹಾಕು ಮಾರಾಯ" ಅಂದ. ಇಬ್ಬರ ಮಾತೂ ಕೇಳಲಿಲ್ಲ.

ಸಾಧನಕ್ಕೆ ಆಜ್ಞೆ ಬರೆಯುವ ರಿಜಿಸ್ಟರ್‌ಗಳದ್ದು ತಲೆನೋವಿಲ್ಲ. ಐಒರೀಮ್ಯಾಪ್‌ನಿಂದ ಅವು ಕೋಡಿಗೆ ಕಾಣುವ ವಿಳಾಸ ಪಡೆದೆ, ಮುಗಿಯಿತು. ಸತಾಯಿಸಿದ್ದು ಫ್ರೇಮ್ ಬಫರ್, ಅಂದರೆ ಚಿತ್ರ ಬಂದು ಕೂರುವ ಮೆಮೊರಿ. 640 × 480, ಪಿಕ್ಸೆಲ್‌ಗೆ ಒಂದು ಬೈಟ್. ವಿಮ್ಯಾಲಾಕ್‌ನಲ್ಲಿ (ಲಿನಕ್ಸಿನಲ್ಲಿ ಮೆಮೊರಿ ಕೇಳುವ ಒಂದು ಬಗೆ) ಜಾಗ ತೆಗೆದು, ಅದರ ಶುರುವಿನ ಫಿಸಿಕಲ್ ವಿಳಾಸ (ಮೆಮೊರಿ ಚಿಪ್ಪಿನಲ್ಲಿನ ನಿಜವಾದ ಜಾಗ) ಹುಡುಕಿ ಡಿಎಂಎಗೆ, ಅಂದರೆ ಪ್ರೊಸೆಸರ್ ನೆರವಿಲ್ಲದೆ ನೇರ ಮೆಮೊರಿಗೆ ಬರೆಯುವ ಭಾಗಕ್ಕೆ ಕೊಟ್ಟೆ. ಚಿತ್ರದ ತಲೆ ಸರಿ, ಕೆಳಗೆಲ್ಲ ಕಸ. ಎರಡು ನಿಮಿಷಕ್ಕೆ ಬೋರ್ಡ್ ಸ್ತಬ್ಧ, ಎಸ್‌ಡಿ ಕಾರ್ಡಿನ ಫೈಲ್ ಸಿಸ್ಟಮ್ ಹಾಳು. ಹೀಗೆ ಮೂರು ಸಲ ಎಲ್ಲ ಅಳಿಸಿ ಹೊಸದಾಗಿ ತುಂಬಿದೆ. ಕ್ಯಾಮೆರಾ ಕೆಟ್ಟಿದೆ ಅಂತ ಹೊಸದು ತರಿಸಿದೆ, ಎರಡೂವರೆ ಸಾವಿರ ದಂಡ.

ಒಂದು ರಾತ್ರಿ ಕರೆಂಟ್ ಇಲ್ಲದಾಗ, ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಿತ್ರ ನೋಡುತ್ತಾ ಸುಮ್ನೆ ಸಾಲು ಎಣಿಸಿದೆ. ಆರು ಸಾಲು, ಮೇಲೆ ಅರ್ಧಕ್ಕೆ ಸ್ವಲ್ಪ ಕಮ್ಮಿ. 4096ನ್ನು 640ರಿಂದ ಭಾಗಿಸಿ ನೋಡಿ! ವಿಮ್ಯಾಲಾಕ್ ಜಾಗ ಕೊಡುವುದು 4096 ಬೈಟಿನ ಪೇಜ್ ಲೆಕ್ಕದಲ್ಲಿ, ಅಲ್ಲೊಂದು ಇಲ್ಲೊಂದು. ಫ್ರೇಮಿಗೆ ಬೇಕಾದದ್ದು 75 ಪೇಜ್, ಸರಿಯಾದ ಜಾಗಕ್ಕೆ ಹೋಗಿದ್ದು ಒಂದು. ಉಳಿದ 74 ಪೇಜ್ ಅದರ ಪಕ್ಕದಲ್ಲಿ ಯಾರಿದ್ದರೋ ಅವರ ತಲೆಯ ಮೇಲೆ.

ಭಾವನಿಗೆ ಹೀಗೆ ಹೇಳಿದೆ: ಮನೆಯಲ್ಲಿ ನಾವು 'ಹೊಳೆಬದಿ ತೋಟ' ಅಂತೀವಿ, ಪಹಣಿಯಲ್ಲಿ ಅದು ನಾಲ್ಕು ಬೇರೆ ಬೇರೆ ಸರ್ವೆ ನಂಬರ್. ಡಿಎಂಎಗೆ ಗೊತ್ತಿರುವುದು ಸರ್ವೆ ನಂಬರ್ ಮಾತ್ರ. ಮೊದಲ ನಂಬರ್ ಹೇಳಿ ಬಿಟ್ಟರೆ ಪಕ್ಕದವರ ಬೇಲಿ ಹಾರುತ್ತದೆ. ಅವನಿಗೆ ನನಗಿಂತ ಬೇಗ ಅರ್ಥ ಆಯಿತು.

ಕೆಮ್ಯಾಲಾಕ್‌ಗೆ ಬದಲಾಯಿಸಿದೆ, ಅದು ಕೊಡುವುದು ಒತ್ತೊತ್ತಾದ ಒಂದೇ ಜಾಗ. ಚಿತ್ರ ಪೂರ್ತಿ ಬಂತು. ಆದರೆ ಹೊಸ ಅಡಿಕೆಯ ಮೈಮೇಲೆ ಹಿಂದಿನ ಅಡಿಕೆಯ ಚೂರುಗಳು, ಒಂದೊಂದೂ 32 ಪಿಕ್ಸೆಲ್ ಉದ್ದ. ಬೋರ್ಡಿನ ಪ್ರೊಸೆಸರ್ ಕಾರ್ಟೆಕ್ಸ್ ಎ9 ಮೆಮೊರಿಯ ನಕಲನ್ನು ತನ್ನ ಹತ್ತಿರದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದರ ಒಂದು ಲೈನ್ 32 ಬೈಟ್. ಡಿಎಂಎ ಮೆಮೊರಿಗೆ ಹೋಗಲು ನಾನು ಹಿಡಿದಿದ್ದ ಎಚ್‌ಪಿ ಪೋರ್ಟ್ ಕ್ಯಾಶ್ ಕಡೆ ತಿರುಗಿಯೂ ನೋಡುವುದಿಲ್ಲ. ಡಿಎಂಎ ಅಲಾಕ್ ಕೊಹೆರೆಂಟ್ ಹಾಕಿದೆ. ನಮಗೊಂದು ವಿಳಾಸ, ಸಾಧನಕ್ಕೊಂದು ವಿಳಾಸ, ಎರಡೂ ಒಟ್ಟಿಗೆ ಕೈಗೆ. ಚಿತ್ರ ಚೊಕ್ಕ. ಆದರೆ ಕ್ಯಾಶ್ ಇಲ್ಲದ ಮೆಮೊರಿ ಓದಿ ಓದಿ, ಸೆಕೆಂಡಿಗೆ ಒಂಬತ್ತು ಅಡಿಕೆ ನೋಡುತ್ತಿದ್ದ ಯಂತ್ರ ಮೂರಕ್ಕೆ ಇಳಿಯಿತು.

ಈ ನಡುವೆ ವಾಲ್ವನ್ನು ರಾಸ್ಪ್‌ಬೆರಿ ಪೈ 4ರಿಂದ ಓಡಿಸಲು ಹೋಗಿ ಒಂದು ವಾರ ಕಳೆದೆ. ಕೈಪಿಡಿಯಲ್ಲಿ ಜಿಪಿಐಒ (ವಾಲ್ವ್ ತೆರೆದು ಮುಚ್ಚುವ ಪಿನ್ನುಗಳ ರಿಜಿಸ್ಟರ್) ವಿಳಾಸ 0ಎಕ್ಸ್7ಇ200000 ಅಂತಿದೆ, ಪ್ರೊಸೆಸರ್‌ಗೆ ಕಾಣುವುದು 0ಎಕ್ಸ್‌ಎಫ್‌ಇ200000ದಲ್ಲಿ, ನನ್ನ ಕೋಡ್ ಹಿಡಿಯುವುದು ಐಒರೀಮ್ಯಾಪ್ ಕೊಟ್ಟ ಮೂರನೆಯದನ್ನು. ಒಂದೇ ರಿಜಿಸ್ಟರ್‌ಗೆ ಮೂರು ಹೆಸರು! ಬೇಡ ಅಂತ ಝಿಂಕ್‌ಗೇ ವಾಪಸ್ ಬಂದೆ.

ಕೊನೆಗೆ ನಿಂತದ್ದು ಕೆಮ್ಯಾಲಾಕ್, ಅದರ ಸಾಧನದ ವಿಳಾಸಕ್ಕೆ ಡಿಎಂಎ ಮ್ಯಾಪ್ ಸಿಂಗಲ್, ಪ್ರತಿ ಫ್ರೇಮ್ ಓದುವ ಮೊದಲು ಸಿಂಕ್, ಅಂದರೆ ಕ್ಯಾಶ್‌ನ ಹಳೆ ನಕಲು ಎಸೆಯುವುದು. ಬೇಕಾದಾಗ ಬಫರ್ ಕೇಳಿದರೆ ನಾಲ್ಕೈದು ದಿನಕ್ಕೆ ಮೆಮೊರಿ ಚೂರಾಗಿ ಸಿಗುತ್ತಿರಲಿಲ್ಲ. ಅದಕ್ಕೆ ಪ್ರೋಬ್‌ನಲ್ಲೇ, ಅಂದರೆ ಡ್ರೈವರ್ ಶುರುವಾಗುವಾಗಲೇ ನಾಲ್ಕು ಬಫರ್ ಹಿಡಿದಿಟ್ಟೆ. ಸಿಂಕ್ ಪೂರ್ತಿ ಫ್ರೇಮಿಗೆ ಮಾಡುವುದಿಲ್ಲ. ಯಾವ ಭಾಗಕ್ಕೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಈಗ ಸೆಕೆಂಡಿಗೆ ಹನ್ನೊಂದು.

ಮೊನ್ನೆ ಭಾವ ಎರಡು ಚೀಲ ಚಾಲಿ ತಂದಿಳಿಸಿ ಏನೂ ಹೇಳದೆ ಚಹಾ ಕುಡಿದು ಹೋದ. ಕೋಕಾ ಎಲ್ಲ ಬೇರೆ ಆಯಿತು. ಬಿಳಿಗೋಟು (ಚಾಲಿಗಿಂತ ಕೆಳಗಿನ ದರ್ಜೆಯ ಅಡಿಕೆ) ಮಾತ್ರ ಈ ಕಪ್ಪುಬಿಳುಪು ಕ್ಯಾಮೆರಾಕ್ಕೆ ಚಾಲಿಯ ಹಾಗೇ ಕಾಣುತ್ತಿದೆ.